ತಳದಡಿ ಹನ್ನೆರಡು ಮಿಲಿಮೀಟರ್

ಆಳ ಕಡಿಮೆ ಇರುವ ನೀರಿನಲ್ಲಿ ಹಡಗು ವೇಗ ಹೆಚ್ಚಿಸಿಕೊಂಡರೆ, ನಿಂತಿದ್ದಾಗ ಇದ್ದ ಮಟ್ಟಕ್ಕಿಂತ ಕೆಳಗೆ ಇಳಿಯುತ್ತದೆ. ಸರಕು ಹೆಚ್ಚಾಗಿಲ್ಲ, ಎಲ್ಲೂ ನೀರು ಒಳನುಗ್ಗಿಲ್ಲ, ಆದರೂ ಇಳಿಯುತ್ತದೆ. ನಾವಿಕರು ಇದನ್ನು ಸ್ಕ್ವಾಟ್ ಎನ್ನುತ್ತಾರೆ. ಕುಕ್ಕರುಗಾಲಲ್ಲಿ ಕುಳಿತಂತೆ ಎಂದು ಅರ್ಥ. ಎಷ್ಟು ಇಳಿಯುತ್ತದೆ ಎಂದು ಮೊದಲೇ ಹೇಳಲು ಸೂತ್ರಗಳಿಗೆ ಬರವಿಲ್ಲ. ತೊಂದರೆ ಏನೆಂದರೆ, ಒಂದೇ ಹಡಗಿಗೆ, ಒಂದೇ ವೇಗಕ್ಕೆ ಮೂರು ಸೂತ್ರಗಳನ್ನು ಹಾಕಿದರೆ ಮೂರು ಉತ್ತರಗಳು ಬರುತ್ತವೆ. ಒಂದರ ಉತ್ತರ ಇನ್ನೊಂದರ ಎರಡರಷ್ಟಾಗುವುದೂ ಉಂಟು. ಇದನ್ನು ಕೂತು ವಾದಿಸುವ ಬದಲು ಅಳೆದೇ ನೋಡೋಣ ಎಂದು ಆರು ಮೀಟರ್ ಉದ್ದದ ತೊಟ್ಟಿ ಕಟ್ಟಿದೆ. ನಾಲ್ಕು ತಿಂಗಳ ಶನಿವಾರ, ಭಾನುವಾರಗಳು ಅದರಲ್ಲಿ ಮುಳುಗಿದವು.

ಇಳಿಯುವುದು ಏಕೆ ಎಂಬುದು ಸರಳ. ಹಡಗು ಮುಂದೆ ಹೋದಂತೆ ಅದರ ಮುಂದಿದ್ದ ನೀರು ಹಿಂದಕ್ಕೆ ಹೋಗಲೇಬೇಕು. ಆಳ ಸಮುದ್ರದಲ್ಲಿ ಅದಕ್ಕೆ ದಾರಿ ಬೇಕಾದಷ್ಟಿದೆ. ತಳದ ಕೆಳಗೆ ಒಂದೆರಡು ಮೀಟರ್ ಮಾತ್ರ ಉಳಿದಿದ್ದರೆ ಆ ನೀರೆಲ್ಲ ಇಕ್ಕಟ್ಟಿನಲ್ಲೇ ತೂರಿಕೊಳ್ಳಬೇಕು, ಆದ್ದರಿಂದ ರಭಸವಾಗಿ ಹರಿಯುತ್ತದೆ. ರಭಸ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ, ಬರ್ನೂಲಿ ಹೇಳಿದ್ದು ಅದನ್ನೇ. ಹಡಗಿನ ಸುತ್ತಲಿನ ನೀರಿನ ಮೇಲ್ಮೈ ತಗ್ಗುತ್ತದೆ, ಆ ತಗ್ಗಿನಲ್ಲಿ ಹಡಗೂ ತಗ್ಗುತ್ತದೆ. ನೀರಿಗೆ ಹೋಲಿಸಿದರೆ ಹಡಗು ಮುಳುಗಿರುವ ಆಳ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ನೆಲಕ್ಕೆ ಹೋಲಿಸಿದರೆ ಮಾತ್ರ ಹತ್ತಿರವಾಗಿರುತ್ತದೆ. ಹಡಗಿನ ಬದಿಯ ಗುರುತುಗಳನ್ನು ನೋಡುವವನಿಗೆ ಇದು ಕಾಣುವುದೇ ಇಲ್ಲ ಎಂಬುದು ಇದರ ಕುತಂತ್ರ.

1992ರ ಆಗಸ್ಟ್ 7ರಂದು ಕ್ವೀನ್ ಎಲಿಜಬೆತ್ 2 ಎಂಬ ಪ್ರಯಾಣಿಕರ ಹಡಗು ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯ ಕಟಿಹಂಕ್ ದ್ವೀಪದ ಬಳಿ ತಳದ ಬಂಡೆಗೆ ಉಜ್ಜಿಕೊಂಡಿತು. ಆ ಬಂಡೆ ನಕ್ಷೆಯಲ್ಲಿ ಇರಲಿಲ್ಲ. ಅಲ್ಲಿನ ಆಳವನ್ನು ಅಳೆದದ್ದು 1939ರಲ್ಲಿ. ಹಡಗು ಸುಮಾರು 24 ನಾಟ್, ಅಂದರೆ ಗಂಟೆಗೆ ಸುಮಾರು 44 ಕಿಲೋಮೀಟರ್ ವೇಗದಲ್ಲಿತ್ತು. ತನಿಖೆಯಲ್ಲಿ ಬಯಲಾದ ಇನ್ನೊಂದು ಸಂಗತಿಯೆಂದರೆ, ಆ ವೇಗಕ್ಕೆ ಹಡಗು ಎಷ್ಟು ಇಳಿಯುತ್ತದೆ ಎಂಬ ಅಂದಾಜು ಹಡಗು ನಡೆಸುವ ಕೋಣೆಯಲ್ಲಿದ್ದವರಿಗೆ ಬಹಳ ಕಡಿಮೆ ಇತ್ತು. ಅವರೇನೂ ಹೊಸಬರಲ್ಲ. ನನ್ನ ಕುತೂಹಲ ಶುರುವಾದದ್ದು ಅಲ್ಲಿಂದ.

ಮಾದರಿ ಹಡಗು

200 ಮೀಟರ್ ಉದ್ದ, 30 ಮೀಟರ್ ಅಗಲ, 12 ಮೀಟರ್ ಮುಳುಗಿರುವ ಸರಕು ಹಡಗನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು 200 ಪಾಲು ಕುಗ್ಗಿಸಿದೆ. ಒಂದು ಮೀಟರ್ ಉದ್ದ, 15 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಮುಳುಗು. ಒಡಲು ಮೊಂಡಾಗಿರಬೇಕೆಂದು ಬ್ಲಾಕ್ ಗುಣಾಂಕವನ್ನು 0.8 ಇಟ್ಟುಕೊಂಡೆ. ಅಂದರೆ ಅದೇ ಉದ್ದ, ಅಗಲ, ಆಳದ ಇಟ್ಟಿಗೆಯೊಂದರ ಗಾತ್ರದಲ್ಲಿ ಶೇಕಡ 80ರಷ್ಟು ಹಡಗು ತುಂಬಿರುತ್ತದೆ. ತೈಲ, ಅದಿರು ಹೊರುವ ಹಡಗುಗಳು ಇದೇ ಜಾತಿಯವು. ಗಟ್ಟಿ ಫೋಮ್ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಕಾದ ತಂತಿಯಿಂದ ಕತ್ತರಿಸಿ, ಮರಳುಕಾಗದದಿಂದ ತಿದ್ದಿ, ಮೇಲೆ ಗಾಜಿನ ಬಟ್ಟೆ ಹೊದಿಸಿ ಎಪಾಕ್ಸಿ ಬಳಿದೆ. ಪಾಲಿಯೆಸ್ಟರ್ ರಾಳ ಬಳಿಯಬೇಡಿ, ಅದು ಫೋಮನ್ನು ಕರಗಿಸಿಬಿಡುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಡಬ್ಬಿ ನೋಡದೆ ಒಂದು ಮೂತಿಯನ್ನು ಕರಗಿಸಿದೆ.

ತೂಕ 7.2 ಕಿಲೋ ಆಗಬೇಕು. ಒಡಲು ಹಗುರ, ಉಳಿದದ್ದನ್ನೆಲ್ಲ ಕಬ್ಬಿಣದ ಪಟ್ಟಿಗಳಿಂದ ತುಂಬಿಸಿ, ನಿಂತ ನೀರಿನಲ್ಲಿ ಮೂತಿ ಮತ್ತು ಹಿಂಬದಿ ಒಂದೇ ಮಟ್ಟದಲ್ಲಿ ಇರುವಂತೆ ಪಟ್ಟಿಗಳನ್ನು ಹಿಂದೆ ಮುಂದೆ ಸರಿಸಿದೆ. ಹಡಗಿನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವಂಥದ್ದೇನಿಲ್ಲ. ಎಲ್ಲ ಕಷ್ಟವೂ ತೊಟ್ಟಿಯಲ್ಲಿತ್ತು.

ನೆಲ ಸಮ ಮಾಡಿದ ಕತೆ

ತೊಟ್ಟಿ 6 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ. 18 ಮಿಲಿಮೀಟರ್ ಪ್ಲೈವುಡ್ ತಳ, ಬದಿಗೆ ಹಲಗೆಗಳು, ಒಳಗೆ ಪಿವಿಸಿ ಹಾಳೆ. ನೀರಿನ ಆಳ 7.2 ಸೆಂಟಿಮೀಟರ್, ಅಂದರೆ ಹಡಗಿನ ಮುಳುಗಿನ 1.2 ಪಟ್ಟು. ತಳದಡಿ ಉಳಿಯುವುದು ಹನ್ನೆರಡೇ ಮಿಲಿಮೀಟರ್. ನಿಜವಾದ ಹಡಗಿಗೆ ಅದು 2.4 ಮೀಟರ್.

ಈ ಹನ್ನೆರಡು ಮಿಲಿಮೀಟರಿನಲ್ಲಿ ನೆಲ ಮೂರು ಮಿಲಿಮೀಟರ್ ಉಬ್ಬಿದ್ದರೆ ಕಾಲು ಪಾಲು ದಾರಿಯೇ ಹೋಯಿತು. ಮಟ್ಟಗೋಲು ಇಟ್ಟು ನೋಡಿದರೆ ಎಲ್ಲವೂ ಸಮವಾಗಿಯೇ ಕಾಣುತ್ತಿತ್ತು. ಆಮೇಲೆ ಹೊಳೆಯಿತು, ನೀರಿಗಿಂತ ಒಳ್ಳೆಯ ಮಟ್ಟಗೋಲು ಬೇರೆ ಯಾವುದು? ಐದು ಮಿಲಿಮೀಟರ್ ನೀರು ಮಾತ್ರ ಬಿಟ್ಟೆ. ತೊಟ್ಟಿಯ ನಡುವೆ ಮೂರು ದ್ವೀಪಗಳು ಎದ್ದವು, ಒಂದು ಕೊನೆಯಲ್ಲಿ ಒಂದು ಖಂಡವೇ ಇತ್ತು. ತಳದ ಹಲಗೆಗಳನ್ನು ಬೋಲ್ಟುಗಳ ಮೇಲೆ ಕೂರಿಸಿದ್ದರಿಂದ ದ್ವೀಪದ ಕೆಳಗಿನ ಬೋಲ್ಟನ್ನು ಅರ್ಧ ಸುತ್ತು ಇಳಿಸುವುದು, ಪಕ್ಕದಲ್ಲಿ ಇನ್ನೊಂದು ದ್ವೀಪ ಏಳುವುದು, ಹೀಗೆ ಎರಡು ಸಂಜೆಗಳು ಕಳೆದವು. ಕೊನೆಗೆ ಏರಿಳಿತ 0.7 ಮಿಲಿಮೀಟರಿನೊಳಗೆ ಬಂತು. ಪಿವಿಸಿ ಹಾಳೆಯ ಸುಕ್ಕು ಬೇರೆ. ಹಡಗಿನ ದಾರಿಗೆ ಅಡ್ಡವಾಗಿದ್ದ ಎರಡು ಮಿಲಿಮೀಟರ್ ಮಡಿಕೆಯೊಂದನ್ನು ಬಿಸಿಗಾಳಿ ಊದಿ ಎಳೆಯಬೇಕಾಯಿತು.

ಆಳ ಅಳೆಯಲು ಚೂಪು ಮೊನೆಯ ತಿರುಪೊಂದನ್ನು ನೀರಿನ ಮೇಲೆ ತೂಗುಹಾಕಿದೆ. ಮೇಲಿನಿಂದ ನಿಧಾನವಾಗಿ ಇಳಿಸುತ್ತಾ ಬಂದರೆ ಮೊನೆಯೂ ನೀರಿನಲ್ಲಿ ಕಾಣುವ ಅದರ ಪ್ರತಿಬಿಂಬವೂ ಒಂದನ್ನೊಂದು ಮುಟ್ಟುವ ಕ್ಷಣ ಸ್ಪಷ್ಟವಾಗಿ ಕಾಣುತ್ತದೆ. ಜಲ ಪ್ರಯೋಗಾಲಯಗಳ ಹಳೆಯ ಉಪಾಯ ಇದು, 0.1 ಮಿಲಿಮೀಟರ್‌ವರೆಗೆ ನಂಬಬಹುದು. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಮಾಡದೆ ಒಂದಿಡೀ ದಿನ ಓಡಿಸಿದ ಮೇಲೆ ನೋಡಿದರೆ ಮೂಲೆಯಲ್ಲಿ ಹಾಳೆ ಸೋರಿ ನೀರು 70.5 ಮಿಲಿಮೀಟರಿಗೆ ಇಳಿದಿತ್ತು. ಆ ದಿನದ ಅಂಕಿಗಳನ್ನೆಲ್ಲ ಕಸಕ್ಕೆ ಹಾಕಿದೆ.

ಎಳೆಯುವುದು, ಅಳೆಯುವುದು

ತೊಟ್ಟಿಯಲ್ಲಿ ಮಾದರಿ ಎಳೆದು ಹಡಗಿನ ನಡವಳಿಕೆ ಹೇಳುವ ವಿದ್ಯೆ ವಿಲಿಯಂ ಫ್ರೂಡ್ 1872ರ ಹೊತ್ತಿಗೆ ಇಂಗ್ಲೆಂಡಿನ ಟಾರ್ಕಿಯಲ್ಲಿ ಕಟ್ಟಿದ ತೊಟ್ಟಿಯಿಂದ ಬಂದದ್ದು. ಅವನ ನಿಯಮದಂತೆ ಉದ್ದ 200 ಪಾಲು ಕುಗ್ಗಿದರೆ ವೇಗ ಕುಗ್ಗಬೇಕಾದದ್ದು 200ರ ವರ್ಗಮೂಲದಷ್ಟು, ಅಂದರೆ 14.14 ಪಾಲು ಮಾತ್ರ. ಹೀಗಾಗಿ ತೊಟ್ಟಿಯ ಸೆಕೆಂಡಿಗೆ 0.30 ಮೀಟರ್ ಎಂದರೆ ಕಡಲಿನ ಸುಮಾರು 8.2 ನಾಟ್.

ತೊಟ್ಟಿಯಿಂದ ಬೇರೆಯಾಗಿ ನಿಂತ ಚೌಕಟ್ಟುಗಳ ಮೇಲೆ ಎರಡು ಅಲ್ಯೂಮಿನಿಯಂ ಹಳಿಗಳು, ಅವುಗಳ ಮೇಲೆ ಬೇರಿಂಗ್ ಚಕ್ರದ ಪುಟ್ಟ ಗಾಡಿ, ಗಾಡಿಯನ್ನು ಎಳೆಯಲು ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರಿನ ಉರುಳೆಗೆ ಸುತ್ತಿಕೊಳ್ಳುವ ದಾರ. ಮೊದಲು ನೈಲಾನ್ ದಾರ ಹಾಕಿದ್ದೆ. ಅದು ರಬ್ಬರಿನಂತೆ ಹಿಗ್ಗಿ ಕುಗ್ಗಿ ಗಾಡಿ ಕುಂಟುತ್ತಾ ಓಡಿತು. ಮೀನು ಹಿಡಿಯಲು ಬಳಸುವ ಹೆಣೆದ ದಾರ ಹಾಕಿದ ಮೇಲೆ ಸರಿಹೋಯಿತು. ಮಾದರಿಯ ಮೂತಿಯಲ್ಲೊಂದು ಹಿಂಬದಿಯಲ್ಲೊಂದು ಕಡ್ಡಿ ನೆಟ್ಟು, ಅವು ಗಾಡಿಯ ಸೀಳುಗಳಲ್ಲಿ ಮೇಲೆ ಕೆಳಗೆ ಜಾರುವಂತೆ ಮಾಡಿದೆ. ಹಡಗು ಏಳಬಹುದು, ಇಳಿಯಬಹುದು, ಮೂತಿ ತಗ್ಗಿಸಬಹುದು; ಪಕ್ಕಕ್ಕೆ ತಿರುಗುವಂತಿಲ್ಲ.

ಇಳಿತವನ್ನು ಅಳೆಯಲು ಮೊದಲು ತಂದದ್ದು ಅಗ್ಗದ ಲೇಸರ್ ದೂರಮಾಪಕ ಚಿಪ್. ಅಳೆಯಬೇಕಾದದ್ದು ಎರಡು ಮೂರು ಮಿಲಿಮೀಟರ್, ಅದರ ನಡುಕವೇ ಎರಡು ಮೂರು ಮಿಲಿಮೀಟರ್. ಅದನ್ನು ಪೆಟ್ಟಿಗೆಗೆ ಹಾಕಿ ಎಎಸ್5600 ಎಂಬ ಕಾಂತೀಯ ಕೋನಮಾಪಕ ಚಿಪ್ಪಿಗೆ ಹೋದೆ. 60 ಮಿಲಿಮೀಟರ್ ಉದ್ದದ ಹಗುರ ತೋಳಿನ ತುದಿ ಕಡ್ಡಿಯ ಮೇಲೆ ಕೂತಿರುತ್ತದೆ; ತೋಳಿನ ಬುಡದಲ್ಲಿ ಗುಂಡಿಯಂಥ ಆಯಸ್ಕಾಂತ. ಕಡ್ಡಿ ಇಳಿದಂತೆ ಆಯಸ್ಕಾಂತ ತಿರುಗುತ್ತದೆ. ಒಂದು ಸುತ್ತನ್ನು 4096 ಪಾಲು ಮಾಡುವ ಚಿಪ್ ಇದು, ಹಾಗಾಗಿ ಒಂದು ಪಾಲಿಗೆ 0.09 ಮಿಲಿಮೀಟರ್. ನನಗೆ ಅಷ್ಟು ಸಾಕು. ಎರಡು ಚಿಪ್ಪುಗಳನ್ನು ಆರ್ಡುಯಿನೋ ಎಂಬ ಒಂದೇ ಪುಟ್ಟ ಗಣಕ ಹಲಗೆಗೆ ಜೋಡಿಸಿದಾಗ ಎರಡೂ ಒಂದೇ ಅಂಕಿಯನ್ನು ಹೇಳತೊಡಗಿದವು. ಈ ಚಿಪ್ಪಿನ ವಿಳಾಸ ಕಾರ್ಖಾನೆಯಲ್ಲೇ ಬರೆದದ್ದು, ಬದಲಿಸಲಾಗದು. ಒಂದೇ ಮನೆ ಸಂಖ್ಯೆಯ ಎರಡು ಮನೆಗಳಿದ್ದ ಹಾಗೆ. ನಡುವೆ ಮಲ್ಟಿಪ್ಲೆಕ್ಸರ್ ಚಿಪ್ ಹಾಕಿ ಒಂದಾದ ಮೇಲೊಂದನ್ನು ಕೇಳುವಂತೆ ಮಾಡಿದೆ.

ಅಳತೆ ಸರಿಯೇ ಎಂದು ಪರೀಕ್ಷಿಸುವುದು ಮಾತ್ರ ಸುಖದ ಕೆಲಸ. ನೀರಿನ ಮಟ್ಟದಲ್ಲಿ ಮಾದರಿಯ ವಿಸ್ತೀರ್ಣ ಸುಮಾರು 0.13 ಚದರ ಮೀಟರ್, ಆದ್ದರಿಂದ ನಡುವೆ 130 ಗ್ರಾಂ ಇಟ್ಟರೆ ಒಂದು ಮಿಲಿಮೀಟರ್ ಮುಳುಗಬೇಕು. ಇಟ್ಟೆ, ಮುಳುಗಿತು. 260 ಇಟ್ಟೆ, ಎರಡು ತೋರಿಸಿತು. ತೆಗೆದಾಗ ಮಾತ್ರ ಸೊನ್ನೆಗೆ ಬರದೆ 0.2ರಲ್ಲಿ ನಿಂತಿತು. ಸೀಳಿನಲ್ಲಿ ಕಡ್ಡಿ ಅಂಟುತ್ತಿತ್ತು. ಸೀಳಿಗೆ ಟೆಫ್ಲಾನ್ ಪಟ್ಟಿ ಅಂಟಿಸಿ, ಓಡುವಾಗ ಗಾಡಿಯ ಸಣ್ಣ ಕಂಪನವೇ ಕಡ್ಡಿಯನ್ನು ಬಿಡಿಸುವುದನ್ನು ನೋಡಿ ಸಮಾಧಾನ ಮಾಡಿಕೊಂಡೆ.

ಆದರೆ ಮೊದಲ ಓಟದಲ್ಲಿ ಹಡಗು ತೊಟ್ಟಿಯ ನಡುವೆ ಒಂದೂವರೆ ಮಿಲಿಮೀಟರ್ ಮೇಲೇರಿತು! ಮಾಪಕಗಳು ಕೂತಿರುವುದು ಗಾಡಿಯ ಮೇಲೆ. ನಡುವೆ ಹಳಿ ಜೋತಿದ್ದರೆ ಗಾಡಿ ಇಳಿಯುತ್ತದೆ, ಹಡಗು ಏರಿದಂತೆ ಕಾಣುತ್ತದೆ. ಹಳಿಯನ್ನು ನೆಟ್ಟಗೆ ಮಾಡುವ ಆಸೆ ಬಿಟ್ಟು ಇನ್ನೊಂದು ದಾರಿ ಹಿಡಿದೆ. ಪ್ರತಿ ಸರಣಿಯ ಮೊದಲು ಸೆಕೆಂಡಿಗೆ 3 ಸೆಂಟಿಮೀಟರ್ ವೇಗದಲ್ಲಿ, ಅಂದರೆ ಸ್ಕ್ವಾಟ್ ಇಲ್ಲವೆನ್ನುವಷ್ಟು ನಿಧಾನವಾಗಿ, ಒಮ್ಮೆ ಇಡೀ ದೂರ ಎಳೆದು ಹಳಿಯ ಡೊಂಕನ್ನೇ ದಾಖಲಿಸಿಕೊಳ್ಳುವುದು. ಆಮೇಲಿನ ಓಟಗಳಿಂದ ಅದನ್ನು ಕಳೆಯುವುದು.

ಅಲೆಯ ಕಾಟ ಇನ್ನೂ ಇತ್ತು. 7.2 ಸೆಂಟಿಮೀಟರ್ ನೀರಿನಲ್ಲಿ ಉದ್ದನೆಯ ಅಲೆ ಸೆಕೆಂಡಿಗೆ 0.84 ಮೀಟರ್ ಓಡುತ್ತದೆ: ಗುರುತ್ವವನ್ನು ಆಳದಿಂದ ಗುಣಿಸಿ ವರ್ಗಮೂಲ ತೆಗೆದರೆ ಬರುವ ವೇಗ. ಹಡಗು ಹೊರಟ ತಕ್ಷಣ ಎದ್ದ ಅಲೆ ಅದನ್ನು ಹಿಂದೆ ಹಾಕಿ ಓಡಿ, ಕೊನೆಯ ಗೋಡೆಗೆ ಬಡಿದು, ತಿರುಗಿ ಬಂದು ಹಡಗಿಗೆ ಎದುರಾಗುತ್ತದೆ. ನನ್ನ ತೊಟ್ಟಿಯಲ್ಲಿ ಈ ಭೇಟಿ ಹೊರಟ ಎಂಟು ಒಂಬತ್ತು ಸೆಕೆಂಡಿಗೆ. ವೇಗ ಹಿಡಿಯಲು ಮೂರು ಸೆಕೆಂಡು ಬೇಕು. ಉಳಿದ ಐದು ಸೆಕೆಂಡೇ ನನ್ನ ಬಂಡವಾಳ. ಕೊನೆಯಲ್ಲಿ ಇಳಿಜಾರಾಗಿ ನಾರಿನ ಜಾಲರಿ ಹಾಕಿ ನೋಡಿದೆ. ಸಣ್ಣ ಅಲೆಗಳನ್ನು ಅದು ನುಂಗಿತು, ಉದ್ದನೆಯದು ಅದನ್ನು ಲೆಕ್ಕಕ್ಕೇ ಇಡಲಿಲ್ಲ. 1834ರಲ್ಲಿ ಎಡಿನ್‌ಬರೋ ಬಳಿಯ ಕಾಲುವೆಯಲ್ಲಿ ದೋಣಿಯೊಂದು ತಟ್ಟನೆ ನಿಂತಾಗ ಅದರ ಮೂತಿಯಿಂದ ಕಳಚಿ ಓಡಿದ ಒಂಟಿ ಅಲೆಯನ್ನು ಜಾನ್ ಸ್ಕಾಟ್ ರಸೆಲ್ ಕುದುರೆಯೇರಿ ಬೆನ್ನಟ್ಟಿದ್ದನಂತೆ. ನನ್ನ ಅಲೆಗೆ ಕುದುರೆ ಬೇಕಿರಲಿಲ್ಲ, ಅದೇ ತಿರುಗಿ ಬರುತ್ತಿತ್ತು. ಒಂದು ಓಟ ಮುಗಿದು ನೀರು ಶಾಂತವಾಗಲು ಹತ್ತು ನಿಮಿಷ ಕಾಯಬೇಕು. ನಾಲ್ಕು ತಿಂಗಳು ಎಲ್ಲಿ ಹೋದವು ಎಂದು ಕೇಳುವವರಿಗೆ ಉತ್ತರ ಇದು.

ಉತ್ತರ ಕೊಡದ ಪ್ರೋಗ್ರಾಂ

ನೀರು ಶಾಂತವಾಗುವ ಆ ಹತ್ತು ನಿಮಿಷಗಳಲ್ಲಿ ಪೈಥಾನಿನಲ್ಲಿ ಒಂದು ಲೆಕ್ಕ ಬರೆದೆ. ಹಡಗು ನಿಂತಿದೆ, ನೀರೇ ಎದುರಿನಿಂದ ಹರಿದು ಬರುತ್ತಿದೆ ಎಂದುಕೊಳ್ಳಿ. ಹಡಗಿಲ್ಲದ ಕಡೆ ನೀರಿಗೆ ಇರುವ ಕಿಂಡಿ, 60 ಸೆಂಟಿಮೀಟರ್ ಅಗಲಕ್ಕೆ 7.2 ಆಳ, 432 ಚದರ ಸೆಂಟಿಮೀಟರ್. ಹಡಗಿನ ನಡುವೆ ಅದರಲ್ಲಿ 90 ಹಡಗಿಗೇ ಹೋಯಿತು. ನೀರಿನ ಮಟ್ಟ ಇಳಿದರೆ ಕಿಂಡಿ ಇನ್ನಷ್ಟು ಕಿರಿದು. ಕಿಂಡಿ ಕಿರಿದಾದರೆ ರಭಸ ಹೆಚ್ಚು, ರಭಸ ಹೆಚ್ಚಾದರೆ ಮಟ್ಟ ಇನ್ನೂ ಇಳಿಯುತ್ತದೆ. ಪ್ರೋಗ್ರಾಂ ಮಾಡುವುದು ಇಷ್ಟೇ: ಇಳಿತವನ್ನು ಸೊನ್ನೆ ಎಂದು ಹಿಡಿದು ರಭಸ ಲೆಕ್ಕ ಹಾಕು, ರಭಸದಿಂದ ಹೊಸ ಇಳಿತ ಲೆಕ್ಕ ಹಾಕು, ಅಂಕಿ ನಿಲ್ಲುವವರೆಗೂ ಸುತ್ತು ಹೊಡೆ. ಹತ್ತು ಸಾಲಿನ ಕೆಲಸ.

ಸೆಕೆಂಡಿಗೆ 0.20 ಮೀಟರ್ ವೇಗಕ್ಕೆ 1.4 ಮಿಲಿಮೀಟರ್ ಇಳಿತ ಬಂತು. 0.25ಕ್ಕೆ 2.3, 0.30ಕ್ಕೆ 3.8, 0.35ಕ್ಕೆ 6.4. ಮುಂದೆ 0.40 ಕೊಟ್ಟೆ. ಅಂಕಿ ನಿಲ್ಲಲಿಲ್ಲ. ಇಳಿತ ಏರುತ್ತಾ ಹೋಗಿ, ಕಿಂಡಿಯ ವಿಸ್ತೀರ್ಣ ಸೊನ್ನೆಗಿಂತ ಕಡಿಮೆಯಾಗಿ, ಆಮೇಲೆ ಅರ್ಥವಿಲ್ಲದ ಸಂಖ್ಯೆಗಳ ಸಾಲು ಸಾಲು. ಸುತ್ತುಗಳ ಮಿತಿಯನ್ನು ನೂರರಿಂದ ಹತ್ತು ಸಾವಿರಕ್ಕೆ ಏರಿಸಿದೆ. ಪ್ರತಿ ಸುತ್ತಿನ ಹೆಜ್ಜೆಯನ್ನು ಅರ್ಧ ಮಾಡಿದೆ. ಬೇರೆ ವಿಧಾನದಿಂದ ಸಮೀಕರಣ ಬಿಡಿಸಿದೆ. ಎಲ್ಲದಕ್ಕೂ 0.40ರಲ್ಲಿ ಅದೇ ಹಾಡು. ಎಲ್ಲೋ ಕಂಸ ತಪ್ಪಿ ಬಿದ್ದಿದೆ ಎಂದು ಒಂದು ಸಂಜೆಯೆಲ್ಲ ಹುಡುಕಿದೆ. ಸಿಗಲಿಲ್ಲ. ಆಮೇಲೆ ನೋಡೋಣ ಎಂದು ಬಿಟ್ಟೆ.

ಅಳತೆಗಳು ಮಾತ್ರ ಚೆನ್ನಾಗಿ ಬರುತ್ತಿದ್ದವು. 0.30ರಲ್ಲಿ ಮೂತಿ 4.6 ಮಿಲಿಮೀಟರ್, ಹಿಂಬದಿ 3.2, ಸರಾಸರಿ 3.9, ಲೆಕ್ಕ ಹೇಳಿದ್ದು 3.8. ಮೂತಿಯೇ ಹೆಚ್ಚು ಇಳಿದದ್ದೂ ಸರಿಯೇ. ಬ್ಲಾಕ್ ಗುಣಾಂಕ 0.7ಕ್ಕಿಂತ ಹೆಚ್ಚಿರುವ ಮೊಂಡು ಹಡಗು ಮೂತಿಯ ಕಡೆಗೂ, ಕಡಿಮೆಯಿರುವ ತೆಳ್ಳನೆಯ ಹಡಗು ಹಿಂಬದಿಯ ಕಡೆಗೂ ಕೂರುತ್ತದೆ ಎಂಬುದು ಸ್ಕ್ವಾಟ್ ಸಂಶೋಧಕ ಬ್ರಯಾನ್ ಬ್ಯಾರಸ್ ಕೊಟ್ಟ ಸ್ಥೂಲ ನಿಯಮ.

ತಲೆನೋವಾದದ್ದು ಸೂತ್ರಗಳ ಜೊತೆ ಹೋಲಿಸಿದಾಗ. ತೆರೆದ ನೀರಿಗೆ ಬ್ಯಾರಸ್ ಕೊಟ್ಟ ಸರಳ ಸೂತ್ರವೆಂದರೆ ನಾಟ್‌ನಲ್ಲಿರುವ ವೇಗದ ವರ್ಗವನ್ನು ಬ್ಲಾಕ್ ಗುಣಾಂಕದಿಂದ ಗುಣಿಸಿ ನೂರರಿಂದ ಭಾಗಿಸುವುದು, ಉತ್ತರ ಮೀಟರಿನಲ್ಲಿ. ನನ್ನ ಮಾದರಿಗೆ ಇಳಿಸಿದರೆ 0.30ರಲ್ಲಿ 2.7 ಮಿಲಿಮೀಟರ್. ಆಸ್ಟ್ರೇಲಿಯಾದ ಗಣಿತಜ್ಞ ಅರ್ನೆಸ್ಟ್ ಟಕ್ 1966ರಲ್ಲಿ ಕಟ್ಟಿದ ಸಿದ್ಧಾಂತದ ಮೇಲೆ ನಿಂತಿರುವ, ಐಕಾರೆಲ್ಸ್ ಎಂಬ ಅಂತರರಾಷ್ಟ್ರೀಯ ಆಯೋಗದ ಸೂತ್ರ ಹೇಳುವುದು 2.4. ನಾನು ಅಳೆದದ್ದು 4.6! ಮಾಪಕದ ಮೇಲೆ ಮತ್ತೆ ತೂಕ ಇಟ್ಟು ನೋಡಿದೆ. ಸರಿಯಿತ್ತು. ಹಳಿಯ ಡೊಂಕನ್ನು ಎರಡು ಬಾರಿ ಕಳೆದುಬಿಟ್ಟೆನೇ ಎಂದು ನೋಡಿದೆ. ಇಲ್ಲ.

ಉತ್ತರ ಹೇಳಿದ್ದು ಮಗಳು. ನೀರು ಹೇಗೆ ಹರಿಯುತ್ತದೆ ನೋಡೋಣ ಎಂದು ಕಾಗದದ ಚೂರುಗಳನ್ನು ತೊಟ್ಟಿಯ ಅಗಲಕ್ಕೂ ಉದುರಿಸಿ ಅವಳ ಕೈಗೆ ಮೊಬೈಲ್ ಕೊಟ್ಟಿದ್ದೆ. “ಅಪ್ಪಾ, ಗೋಡೆಯ ಪಕ್ಕದ ಚೂರುಗಳೂ ಹಿಂದಕ್ಕೆ ಹೋಗುತ್ತಿವೆ” ಎಂದಳು. ವಿಡಿಯೊ ನೋಡಿದೆ. ಹಡಗಿನ ಪಕ್ಕದ ಚೂರುಗಳಷ್ಟೇ ಅಲ್ಲ, ಗೋಡೆಗೆ ಅಂಟಿಕೊಂಡಂತಿದ್ದವೂ ಒಂದೇ ಸಾಲಾಗಿ, ಸಿಪಾಯಿಗಳ ಹಾಗೆ, ಹಿಂದಕ್ಕೆ ಸರಿದವು. ಇಡೀ ತೊಟ್ಟಿಯ ನೀರೇ ಹಿಂದೆ ಹೋಗುತ್ತಿತ್ತು. ನಾನು ಕಟ್ಟಿದ್ದು ಸಮುದ್ರವಲ್ಲ, ಕಾಲುವೆ. ಹಡಗು ತನ್ನ ನಾಲ್ಕು ಪಟ್ಟು ಅಗಲದ ಕಾಲುವೆಯಲ್ಲಿ ಅದರ ಅಡ್ಡಕೊಯ್ತದ ಶೇಕಡ 21ರಷ್ಟನ್ನು ಅಡ್ಡಗಟ್ಟಿಕೊಂಡು ಹೋಗುತ್ತಿದ್ದರೆ ತೆರೆದ ನೀರಿನ ಸೂತ್ರ ಹೇಗೆ ತಾನೇ ಹೊಂದೀತು? ಅಡ್ಡಗಟ್ಟಿದ ಪಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಬ್ಯಾರಸ್‌ನ ಇನ್ನೊಂದು ಸೂತ್ರವಿದೆ. ಅದನ್ನು ಹಾಕಿದೆ, 4.5 ಬಂತು.

ಆಗಲೇ 0.40ರ ವಿಷಯವೂ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮರುದಿನ 0.35 ಓಡಿಸಿದೆ, ಮೂತಿ 7.5. 0.38 ಓಡಿಸಿದೆ, ಮೂತಿ 11 ಮುಟ್ಟಿತು, ಐದು ಸೆಕೆಂಡು ಮುಗಿದಾಗಲೂ ಅಂಕಿ ಇನ್ನೂ ಇಳಿಯುತ್ತಲೇ ಇತ್ತು. ತಳದಡಿ ಒಂದು ಮಿಲಿಮೀಟರ್. ವೇಗ ಹೆಚ್ಚಾದದ್ದು ಶೇಕಡ ಒಂಬತ್ತರಷ್ಟು ಕೂಡ ಇಲ್ಲ, ಇಳಿತ ಹೆಚ್ಚಾದದ್ದು ಒಂದೂವರೆ ಪಟ್ಟಿನ ಹತ್ತಿರ. ಕಡಲಿನ ಭಾಷೆಯಲ್ಲಿ, 9.6 ನಾಟ್‌ನಿಂದ 10.4 ನಾಟ್‌ಗೆ ಹೋದದ್ದಕ್ಕೆ ಮೂತಿ ಒಂದೂವರೆ ಮೀಟರಿನಿಂದ 2.2 ಮೀಟರಿಗೆ ಇಳಿಯಿತು.

ಆಮೇಲೆ 0.40. ಗಾಡಿ ಹೊರಟಿತು. ಮೂತಿಯ ಮುಂದೆ ನೀರು ಗುಡ್ಡೆಯಾಗಿ ಏರಿತು, ಹಡಗಿನ ಎರಡೂ ಬದಿ ತಗ್ಗಿತು, ಕರ್ ಎಂದು ಒಂದು ಸದ್ದು. ಸ್ಟೆಪ್ಪರ್ ಮೋಟಾರು ಹೆಜ್ಜೆ ತಪ್ಪಿ ಗಿರಗಿರನೆ ಅರಚಿತು. ಹಡಗು ನೆಲ ಕಚ್ಚಿತ್ತು. ಮುಂದಿನ ಗುಡ್ಡೆ ಮಾತ್ರ ತನ್ನ ಪಾಡಿಗೆ ತಾನು ಕೊನೆಯ ಗೋಡೆಯವರೆಗೂ ಓಡಿತು.

ಪ್ರೋಗ್ರಾಂನಲ್ಲಿ ಕಂಸ ತಪ್ಪಿರಲಿಲ್ಲ. 0.40ಕ್ಕೆ ಉತ್ತರವೇ ಇರಲಿಲ್ಲ. ಕಿಂಡಿಯ ಮೂಲಕ ಒಂದು ಸೆಕೆಂಡಿಗೆ ಹಾಯಬಲ್ಲ ನೀರಿಗೆ ಒಂದು ಗರಿಷ್ಠ ಮಿತಿಯಿದೆ. ಎದುರಿನಿಂದ ಬರುವ ನೀರು ಅದನ್ನು ಮೀರಿದರೆ ಮಟ್ಟವನ್ನು ಎಷ್ಟು ಇಳಿಸಿದರೂ ಲೆಕ್ಕ ಕೂಡುವುದಿಲ್ಲ, ಹೆಚ್ಚಾದ ನೀರು ಹಡಗಿನ ಮುಂದೆ ಗುಡ್ಡೆಯಾಗುತ್ತದೆ. ಕಾಲುವೆಯ ಹಡಗುಗಳ ಈ ಮಿತಿಯ ವೇಗವನ್ನು ಡಚ್ ಎಂಜಿನಿಯರ್ ಸ್ಖೈಫ್ 1949ರಲ್ಲೇ ಸೂತ್ರವಾಗಿ ಬರೆದಿಟ್ಟಿದ್ದ. ನನ್ನ ತೊಟ್ಟಿಗೆ ಅದನ್ನು ಹಾಕಿದರೆ ಅಲೆಯ ವೇಗದ 0.465 ಪಾಲು, ಅಂದರೆ ಸೆಕೆಂಡಿಗೆ 0.39 ಮೀಟರ್. ಒಂದು ಸಂಜೆ ಪೂರ್ತಿ ನಾನು ದೋಷವೆಂದು ಬೈದದ್ದು ಇದನ್ನು.

ಕಾಲುವೆಯನ್ನು ಕಡಲು ಮಾಡಿದ್ದು

ತೆರೆದ ನೀರು ಬೇಕೆಂದರೆ ಎರಡು ದಾರಿ. ಮಾದರಿಯನ್ನು ಅರ್ಧ ಮಾಡಬಹುದು. ಆಗ ಇಳಿತವೂ ಅರ್ಧವಾಗಿ, ನನ್ನ ಮಾಪಕಕ್ಕೆ ಕಾಣುವುದು ಕಷ್ಟ. ಇಲ್ಲವೇ ತೊಟ್ಟಿ ಅಗಲ ಮಾಡಬಹುದು. ಎಷ್ಟು? ಬ್ಯಾರಸ್ ಇದಕ್ಕೂ ಒಂದು ಅಂಕಿ ಕೊಟ್ಟಿದ್ದಾರೆ: 7.04ನ್ನು ಬ್ಲಾಕ್ ಗುಣಾಂಕದ 0.85ನೇ ಘಾತದಿಂದ ಭಾಗಿಸಿದರೆ, ಹಡಗಿನ ಎಷ್ಟು ಪಟ್ಟು ಅಗಲದವರೆಗೆ ಗೋಡೆಯ ಪ್ರಭಾವ ತಟ್ಟುತ್ತದೆ ಎಂಬುದು ಬರುತ್ತದೆ. ನನ್ನದಕ್ಕೆ 8.5 ಪಟ್ಟು, ಅಂದರೆ 1.28 ಮೀಟರ್. ಧಾರಾಳವಾಗಿರಲಿ ಎಂದು 1.8 ಮೀಟರ್ ಮಾಡಿದೆ. ಬರೆಯುವುದು ಸುಲಭ. 260 ಲೀಟರ್ ನೀರು 780 ಲೀಟರ್ ಆಯಿತು, ಚೌಕಟ್ಟುಗಳ ಕಾಲುಗಳನ್ನು ಅಗಲಿಸಬೇಕಾಯಿತು, ಹೊಸ ಹಾಳೆ, ಹೊಸ ಸುಕ್ಕು, ಮತ್ತೆ ಐದು ಮಿಲಿಮೀಟರ್ ನೀರು ಬಿಟ್ಟು ದ್ವೀಪಗಳನ್ನು ಮುಳುಗಿಸುವ ಕೆಲಸ. ಈ ಬಾರಿ ಮೂರು ಸಂಜೆ.

ಅದೇ ಹಡಗು, ಅದೇ ಆಳ, ಅದೇ 0.30. ಮೂತಿ 2.6 ಮಿಲಿಮೀಟರ್. ಐಕಾರೆಲ್ಸ್‌ನ 2.4 ಒಂದು ಕಡೆ, ಬ್ಯಾರಸ್‌ನ 2.7 ಇನ್ನೊಂದು ಕಡೆ. 0.42ರಲ್ಲಿ ಅಳೆದದ್ದು 5.4, ಸೂತ್ರಗಳು ಹೇಳಿದ್ದು 5.0 ಮತ್ತು 5.3. ಕಿರಿದಾದ ತೊಟ್ಟಿಯಲ್ಲಿ ಹಡಗು ಮುಟ್ಟಲೂ ಆಗದಿದ್ದ ವೇಗ ಇದು. ಗೋಡೆಯ ಪಕ್ಕದ ಕಾಗದದ ಚೂರುಗಳು ಈಗ ಅಲುಗಾಡಿದವೇ ಹೊರತು ಮೆರವಣಿಗೆ ಹೊರಡಲಿಲ್ಲ.

0.50ರಲ್ಲಿ ಮಾತ್ರ ಎರಡು ಸೂತ್ರಗಳೂ 7.6 ಎಂದು ಒಂದೇ ಮಾತು ಆಡಿದವು, ಮಾಪಕ 8.7 ತೋರಿಸಿತು. ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದ ಮಾತ್ರಕ್ಕೆ ಅದು ನಿಜವಾಗಬೇಕಿಲ್ಲವಲ್ಲ. ನನ್ನ ಅನುಮಾನ ತಳದಡಿಯ ಕಿಂಡಿಯ ಮೇಲೆ. ಆ ವೇಗದಲ್ಲಿ ಮೂತಿಯಡಿ ಉಳಿದಿರುವುದು ಮೂರು ನಾಲ್ಕು ಮಿಲಿಮೀಟರ್. ಒಡಲಿಗೆ ಅಂಟಿಕೊಂಡು ಎಳೆದಾಡುವ ನೀರಿನ ಪದರವೇ ಅದರಲ್ಲಿ ದೊಡ್ಡ ಪಾಲು ತಿನ್ನುತ್ತದೆ. ಸೂತ್ರಗಳ ಹಿಂದಿನ ಸಿದ್ಧಾಂತದಲ್ಲಿ ನೀರಿಗೆ ಜಿಗುಟೇ ಇಲ್ಲ. ಜೊತೆಗೆ ಫ್ರೂಡನ ನಿಯಮದಂತೆ ಕುಗ್ಗಿಸಿದ ಮಾದರಿಯಲ್ಲಿ ಈ ಪದರ ನಿಜವಾದ ಹಡಗಿಗಿಂತ ಅನುಪಾತದಲ್ಲಿ ದಪ್ಪವಾಗಿರುತ್ತದೆ. ಆದ್ದರಿಂದ 8.7ನ್ನು 200ರಿಂದ ಗುಣಿಸಿ ನಿಜವಾದ ಹಡಗು 1.74 ಮೀಟರ್ ಇಳಿಯುತ್ತದೆ ಎಂದು ನಾನು ಹೇಳುವುದಿಲ್ಲ.

ಆ ಅನುಮಾನವನ್ನು ಪರೀಕ್ಷಿಸಲು ನೀರನ್ನು 9 ಸೆಂಟಿಮೀಟರಿಗೆ ಏರಿಸಿದೆ. ತಳದಡಿ ಈಗ ಮೂವತ್ತು ಮಿಲಿಮೀಟರ್. 0.42ರಲ್ಲಿ ಐಕಾರೆಲ್ಸ್ 3.9 ಹೇಳಿತು, ಅಳತೆ 4.0 ಬಂತು. ಬ್ಯಾರಸ್‌ನ ಸರಳ ಸೂತ್ರ ಮಾತ್ರ ಮೊದಲಿನ 5.3ನ್ನೇ ಹಿಡಿದು ಕೂತಿತು, ಏಕೆಂದರೆ ಅದರಲ್ಲಿ ಆಳದ ಮಾತೇ ಇಲ್ಲ. ಆಳ ಮುಳುಗಿನ 1.1ರಿಂದ 1.4 ಪಟ್ಟು ಇರುವ ನೀರಿಗೆಂದು ಮಾಡಿದ ಸೂತ್ರ ಅದು, ಬೈಯುವಂತಿಲ್ಲ. ಹಡಗು ನಡೆಸುವ ಕೋಣೆಯಲ್ಲಿ ನಿಂತವನಿಗೆ ಬಾಯಲ್ಲೇ ಲೆಕ್ಕ ಹಾಕಲು ಅದಕ್ಕಿಂತ ಒಳ್ಳೆಯದು ಸಿಗಲಾರದು, ಮತ್ತು ಅದು ತಪ್ಪುವುದು ಸುರಕ್ಷಿತವಾದ ಕಡೆಗೆ. ಅದೇ ಸೂತ್ರವನ್ನು ಕಾಲುವೆಗೆ ಒಯ್ದರೆ ಅಪಾಯದ ಕಡೆಗೆ ತಪ್ಪುತ್ತದೆ. ಅದಕ್ಕೆಂದೇ ಇಕ್ಕಟ್ಟಿನ ನೀರಿಗೆ ನೂರರ ಬದಲು ಐವತ್ತರಿಂದ ಭಾಗಿಸುವ ರೂಪವೂ ಇದೆ. ನನ್ನ ಕಿರಿದಾದ ತೊಟ್ಟಿಗೆ 0.30ರಲ್ಲಿ ಅದು 5.4 ಕೊಡುತ್ತದೆ, ಅಳೆದ 4.6ಕ್ಕಿಂತ ಮೇಲೆ.

ತೊಟ್ಟಿ ಇನ್ನೂ ಬಿಚ್ಚಿಲ್ಲ. ಪ್ರೋಗ್ರಾಂನಲ್ಲಿ ಒಂದು ಬದಲಾವಣೆ ಮಾಡಿದ್ದೇನೆ: ಸುತ್ತುಗಳ ಮಿತಿಯನ್ನು ಹತ್ತು ಸಾವಿರದಿಂದ ಮತ್ತೆ ನೂರಕ್ಕೆ ಇಳಿಸಿ, ಅಂಕಿ ನಿಲ್ಲದಿದ್ದರೆ ದೋಷದ ಸಂದೇಶದ ಬದಲು “ಈ ಕಾಲುವೆಯಲ್ಲಿ ಈ ವೇಗಕ್ಕೆ ಸ್ಥಿರವಾದ ಹರಿವು ಇಲ್ಲ” ಎಂದು ಬರೆಯುವಂತೆ, ಅದರ ಕೆಳಗೆ ಮಿತಿಯ ವೇಗವನ್ನು ತೋರಿಸುವಂತೆ. ಮಿತಿಯ ಶೇಕಡ 90ನ್ನು ದಾಟಿದ ವೇಗ ಕೊಟ್ಟರೆ ಉತ್ತರ ಬಂದರೂ ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಈ ಹಡಗಿಗೆ, 60 ಸೆಂಟಿಮೀಟರ್ ತೊಟ್ಟಿಯಲ್ಲಿ, ಅದು 0.352ರಿಂದ ಬೀಳಲು ಶುರುವಾಗುತ್ತದೆ.